ಕಂತಬಲೆ ಮತ್ತು ಕೆಂಪು ಕೋಟು

ಮೀನು ತಿನ್ನದವಳು ಮೀನಿನ ಕಥೆ ಹೇಳಲು ಹೊರಟಿದ್ದಾಳೆ ಎಂದು ನಗುವವರು ಈಗಲೇ ನಕ್ಕುಬಿಡಿ. ನಾನು ಹುಬ್ಬಳ್ಳಿಯ ಲಿಂಗಾಯತರ ಮನೆ ಮಗಳು, ಮಾಧುರಿ. ಮೆಲ್ಬರ್ನ್‌ನ ಟ್ರುಗನಿನಾದಲ್ಲಿ ನಮ್ಮ ಪಕ್ಕದ ಮನೆ ಕ್ಲೌಡಿಯಾ ಆಂಟಿಯದು. ಅವರ ಅಡುಗೆಮನೆಯಿಂದ ಮೀನು ಸಾರಿನ ವಾಸನೆ ಬಂದರೆ ಮೊದಮೊದಲು ಮೂಗು ಮುಚ್ಚಿಕೊಳ್ಳುತ್ತಿದ್ದೆ. ಈಗ ಎರಡು ದಿನ ಆ ವಾಸನೆ ಬರದಿದ್ದರೆ, ಆಂಟಿಗೆ ಹುಷಾರಿಲ್ಲವೇನೋ ಎಂದು ನಾನೇ ಫೋನ್ ಮಾಡುತ್ತೇನೆ.

ಆಂಟಿ ಗಂಗೊಳ್ಳಿಯವರು, ಕೊಂಕಣಿ ಮಾತಾಡುವ ಕ್ರೈಸ್ತರು. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಮಗ ರಿಯಾನ್ ಸಿಡ್ನಿಯಲ್ಲಿ ಕೆಲಸದಲ್ಲಿದ್ದಾನೆ. ಅಮ್ಮ ಕೊಂಕಣಿಯಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಆಂಟಿ ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ದುಡಿಯುತ್ತಾರೆ. ರಜೆ ಸಿಕ್ಕಿತೆಂದರೆ ಗಾಳ, ಮಡಚುವ ಕುರ್ಚಿ, ಫ್ಲಾಸ್ಕಿನಲ್ಲಿ ಚಹಾ ಕಾರಿಗೆ ತುಂಬಿಕೊಂಡು ವೆರಿಬೀ ಹೊಳೆ ಸಮುದ್ರ ಸೇರುವಲ್ಲಿಗೆ ಹೋಗಿಬಿಡುತ್ತಾರೆ. ಅಲ್ಲಿ ಸಿಗುವುದು ಬ್ರೀಮ್ ಎಂಬ ಮೀನು. ಊಟಕ್ಕೆ ಬೇಕಾದಷ್ಟು ಹಿಡಿಯುತ್ತಾರೆ, ಹೊಟ್ಟೆ ದಪ್ಪಗಿರುವುದನ್ನು ಒದ್ದೆ ಕೈಯಲ್ಲಿ ಹಿಡಿದು ನೀರಿಗೇ ಬಿಡುತ್ತಾರೆ. "ಇದು ಬಸುರಿ ಮಾರಾಯ್ತಿ. ನಮ್ಮ ಹಾಗೇ ಇದಕ್ಕೂ ದೊಡ್ಡದಾಗ್ಲಿಕ್ಕೆ ವರ್ಷಗಟ್ಟಲೆ ಬೇಕು," ಎಂದು ಒಮ್ಮೆ ನನಗೆ ಹೇಳಿದ್ದರು.

ಅವರ ಅಪ್ಪನ ಕಥೆಯನ್ನೂ ಆ ಹೊಳೆ ದಡದಲ್ಲೇ ಕೇಳಿದೆ. ಅಪ್ಪನದು ಗಂಗೊಳ್ಳಿ ಹೊಳೆಯಲ್ಲಿ ಒಂದು ಸಣ್ಣ ದೋಣಿ, ಒಂದು ಬೀಸುಬಲೆ. ಮಳೆ ಶುರುವಾಗಿ ಮೀನು ಮೊಟ್ಟೆಯಿಡಲು ಮೇಲೇರುವ ಹೊತ್ತಿಗೆ ವ್ಯಾಪಾರಸ್ಥರು ಬಂದು ಈ ದಡದಿಂದ ಆ ದಡಕ್ಕೆ ಕಂತಬಲೆ ಕಟ್ಟತೊಡಗಿದರು. ನೀರಿನಲ್ಲಿ ಗೋಡೆಯಂತೆ ನಿಲ್ಲುವ ಬಲೆ ಅದು. ಮೀನು ಕಣ್ಣಿಯೊಳಗೆ ತಲೆ ತೂರಿಸಿತೆಂದರೆ ಕಿವಿರು ಸಿಕ್ಕಿಕೊಳ್ಳುತ್ತದೆ. ಮುಂದೆ ಹೋಗಲಾರದು, ಹಿಂದೆ ಬರಲಾರದು. ಮರಿ ನುಸುಳಿ ಪಾರಾಗುತ್ತದೆ, ತಾಯಿ ಸಾಯುತ್ತದೆ. ನಡುವೆ ಒಂದು ಮಾರು ಜಾಗವನ್ನಾದರೂ ಬಿಡಿ ಎಂದು ಅಪ್ಪ ಕೈಮುಗಿದು ಬೇಡಿಕೊಂಡರಂತೆ. ಬಲೆಯ ಯಜಮಾನ ಎಲ್ಲರೆದುರು ನಕ್ಕು, "ಹೊಳೆ ಎಂತ, ನಿನ್ನ ಅಪ್ಪನದ್ದಾ?" ಎಂದನಂತೆ. ಪುಟ್ಟ ಕ್ಲೌಡಿಯಾ ಅಪ್ಪನ ಬೆರಳು ಹಿಡಿದು ನಿಂತಿದ್ದಳು. ಕೆಲವೇ ವರ್ಷಗಳಲ್ಲಿ ಹೊಳೆ ಬರಿದಾಯಿತು. ಅಪ್ಪ ದೋಣಿ ಮಾರಿ, ಅದೇ ಯಜಮಾನನ ಐಸ್ ಪ್ಲಾಂಟಿನಲ್ಲಿ ಐಸು ಹೊತ್ತರು, ಹೊರುತ್ತಲೇ ಸತ್ತರು.

"ಆ ಮನುಷ್ಯನಿಗೆ ನಾನು ಎಂತದೂ ಮಾಡ್ಲಿಕ್ಕೆ ಆಗ್ಲಿಲ್ಲ. ಒಳ್ಳೆ ಮಂಚದ ಮೇಲೆ ಮಲಗಿಕೊಂಡೇ ಸತ್ತ," ಎಂದರು ಆಂಟಿ. ಅವರ ದನಿಯಲ್ಲಿ ದುಃಖವಿರಲಿಲ್ಲ, ಹಗೆಯಿತ್ತು. ಹಗೆ ನನಗೆ ಅರ್ಥವಾಗುತ್ತದೆ. ಕ್ಷಮೆ ದೊಡ್ಡದು ಎಂದು ಉಪದೇಶ ಮಾಡುವವರನ್ನು ನೋಡಿದ್ದೇನೆ, ಅವರ ಮನೆಯ ಒಂದು ಚಮಚ ಕಳುವಾದರೂ ಊರೆಲ್ಲ ಡಂಗುರ ಹೊಡೆಯುತ್ತಾರೆ.

ಕಳೆದ ವರ್ಷ ಆಗಸ್ಟ್ ತಿಂಗಳಲ್ಲಿ ಹೊಳೆಯ ಮೀನು ಕಡಿಮೆಯಾಯಿತು. ಅದು ಬ್ರೀಮ್ ಮೊಟ್ಟೆಯಿಡಲು ಮೇಲೇರುವ ಕಾಲ. ಒಂದು ದಿನ ಜೊಂಡಿನ ಬುಡದಲ್ಲಿ ಆಂಟಿಗೆ ಹರಿದ ಬಲೆಯ ತುಂಡೊಂದು ಸಿಕ್ಕಿತು. ಅದರಲ್ಲಿ ಕೊಳೆತ ಮೀನುಗಳು, ಜೊತೆಗೆ ಮುಳುಗಿ ಸತ್ತ ಒಂದು ನೀರುಕಾಗೆ. ಈ ಹೊಳೆ ಸೇರುವ ಕೊಲ್ಲಿಯಲ್ಲಿ ಪರವಾನಗಿ ಇದ್ದ ವ್ಯಾಪಾರಿಗಳ ಬಲೆಯನ್ನೇ ಸರ್ಕಾರ ನಿಲ್ಲಿಸಿದೆ. ಹಾಗಿರುವಾಗ ಹೊಳೆಯಲ್ಲಿ ಕದ್ದು ಕಟ್ಟುವವನು ಯಾರು?

ಯಾರೆಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಟಾರ್ನೀಟ್‌ನ ಇಂಡಿಯನ್ ಅಂಗಡಿಗೆ ನಾನೂ ಆಂಟಿಯೂ ಹೋದಾಗ, ಅದರ ಮುಂದೆ ಹ್ಯಾರಿಸ್ ಎಂಬವನು ತನ್ನ ಕಾರಿನ ಡಿಕ್ಕಿ ತೆರೆದು ಐಸ್ ಪೆಟ್ಟಿಗೆಯಿಂದ ಮೀನು ಮಾರುತ್ತಿದ್ದ. ಹ್ಯಾರಿಸ್ ಆಂಟಿಯ ಚರ್ಚಿನವನೇ, ನಗುಮುಖದವನು, ಸಂಘದ ಕಾರ್ಯಕ್ರಮಗಳಲ್ಲಿ ಮೈಕು ಹಿಡಿಯುವವನು. ಹಗಲು ವೇರ್‌ಹೌಸ್ ಕೆಲಸ, ಮಿಕ್ಕ ಹೊತ್ತಿನಲ್ಲಿ ಇದು. ಮನೆಮನೆಗೂ ಮಾರುತ್ತಿದ್ದ, ಎರಡು ಹೋಟೆಲುಗಳಿಗೂ ಕೊಡುತ್ತಿದ್ದ. ಆಂಟಿ ಒಂದು ಮೀನನ್ನು ಎತ್ತಿ ನೋಡಿದರು. ಕಿವಿರಿನ ಹಿಂದೆ ಸುತ್ತಲೂ ಚಿಪ್ಪೆದ್ದು, ಉಂಗುರದಂಥ ಗಾಯ. ಹೊಟ್ಟೆ ಒತ್ತಿದರೆ ಮೊಟ್ಟೆ ಹೊರಬಂತು.

"ಹ್ಯಾರಿಸ್, ಇದು ಬಲೆಯ ಮೀನು. ವೆರಿಬೀಯದ್ದು."

"ಮೀನು ಮೀನೇ ಅಲ್ವಾ ಆಂಟಿ."

"ಮೊಟ್ಟೆ ಇಡುವ ಸಮಯ ಇದು. ಈಗ ಬಿಡು. ಬಲೆ ತೆಗಿ. ನಾನು ಯಾರಿಗೂ ಹೇಳೋದಿಲ್ಲ."

ಅವನು ನಗುತ್ತಲೇ ಇದ್ದ. ಸುತ್ತ ನಾಲ್ಕು ಜನ ಗಿರಾಕಿಗಳು ನಿಂತಿದ್ದರು. ಅವರೆಲ್ಲರಿಗೂ ಕೇಳುವಂತೆ, ನನಗೂ ಅರ್ಥವಾಗಲೆಂದೋ ಏನೋ ಕನ್ನಡದಲ್ಲೇ ಹೇಳಿದ: "ಹೊಳೆ ಎಂತ ಆಂಟಿ, ನಿಮ್ಮ ಅಪ್ಪನದ್ದಾ?"

ಎಲ್ಲರೂ ನಕ್ಕರು. ನಾನು ಆಂಟಿಯ ಮುಖ ನೋಡಿ ಹೆದರಿದೆ. ಅವರು ಮೀನನ್ನು ಮೆಲ್ಲಗೆ ಐಸಿನ ಮೇಲಿಟ್ಟು, ಕೈ ಒರೆಸಿಕೊಂಡು ಕಾರು ಹತ್ತಿದರು.

ಮರುದಿನವೇ ಮೀನುಗಾರಿಕೆ ಇಲಾಖೆಗೆ ಫೋನ್ ಮಾಡಿದರು. ಅಧಿಕಾರಿಗಳು ಒಳ್ಳೆಯವರೇ, ಬಂದು ನೋಡಿದರು. ಆದರೆ ಬಲೆ ಅವನದೇ ಎನ್ನಲು ಅವನು ಅದನ್ನು ಎತ್ತುವಾಗಲೇ ಹಿಡಿಯಬೇಕು. ಅವನು ಬರುವ ಹೊತ್ತು ಯಾರಿಗೂ ತಿಳಿಯದು. ಆಂಟಿ ಹೊಳೆಯಲ್ಲಿದ್ದ ದಿನ ಅವನು ಆ ಕಡೆ ಸುಳಿಯುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಮೊಂತಿ ಹಬ್ಬದ ನೊವೆನಾ ಬಂತು. ಮೇರಿ ಮಾತೆಯ ಹುಟ್ಟುಹಬ್ಬಕ್ಕೆ ಮುಂಚೆ ಒಂಬತ್ತು ದಿನ ಪ್ರತಿ ಸಂಜೆ ಚರ್ಚಿನಲ್ಲಿ ಪ್ರಾರ್ಥನೆ, ಮಕ್ಕಳು ಹೂವು ಅರ್ಪಿಸುವುದು. ಆಂಟಿ ಹುಟ್ಟಿದಂದಿನಿಂದ ಒಂದು ದಿನವೂ ತಪ್ಪಿಸಿದವರಲ್ಲ. ಮುಂದಿನ ಬೆಂಚಿನ ಎಡತುದಿ ಅವರ ಜಾಗ. ಅಲ್ಲಿ ಬೇರೆ ಯಾರೂ ಕೂರುವುದಿಲ್ಲ. ಕೆಂಪು ಕೋಟು, ತಲೆಯ ಮೇಲೆ ಬಿಳಿ ವೇಲು. ನೊವೆನಾ ಶುರುವಾದ ಮೇಲೆ ಒಂದು ಸಂಜೆ ಹ್ಯಾರಿಸ್‌ನ ಹೆಂಡತಿ ಲೀಶಾ, ಪಾಪದ ಹೆಂಗಸು, ಆಂಟಿಗೆ ಹೆಮ್ಮೆಯಿಂದ ಹೇಳಿದಳಂತೆ: "ನಮ್ಮವರಿಗೆ ಚರ್ಚಿಗೆ ಬರ್ಲಿಕ್ಕೆ ಆಗೋದಿಲ್ಲ, ಓವರ್‌ಟೈಮ್. ಆದರೆ ದಿನಾ ಫೋನಿನಲ್ಲಿ ಲೈವ್ ನೋಡ್ತಾರೆ. 'ಇವತ್ತೂ ಕ್ಲೌಡಿಯಾ ಆಂಟಿ ಮುಂದಿನ ಬೆಂಚಲ್ಲಿ ಇದ್ರು' ಅಂತ ಮನೆಗೆ ಬಂದು ಹೇಳ್ತಾರೆ."

ಆ ಸಂಜೆ ಆಂಟಿ ನಮ್ಮ ಬಾಗಿಲು ಬಡಿದರು. ಕೈಯಲ್ಲಿ ಕೆಂಪು ಕೋಟಿತ್ತು.

"ಮಾಧುರಿ, ನಾಳೆ ನೀನು ನಾನಾಗ್ಬೇಕು."

ಹ್ಯಾರಿಸ್ ತನ್ನನ್ನು ಬೆಂಚಿನಲ್ಲಿ ಕಂಡ ಮೇಲೆಯೇ ಬಲೆ ಎತ್ತಲು ಹೊರಡುತ್ತಾನೆ, ನಾಳೆ ತಾನು ದಡದಲ್ಲಿ ಅಡಗಿ ನೋಡುವುದು, ಇಲಾಖೆಯವರು ಹತ್ತಿರದಲ್ಲೇ ಕಾಯುವುದು ಎಂದು ವಿವರಿಸಿದರು. "ಅಯ್ಯ ಆಂಟಿ, ನಾ ಹೆಂಗ ಹೋಗ್ಲಿ? ಅಲ್ಲೆ ಯಾವಾಗ ಏಳಬೇಕು, ಯಾವಾಗ ಕೂಡಬೇಕು ನನಗೇನೂ ಗೊತ್ತಿಲ್ರಿ."

"ಪಕ್ಕದವರು ಎದ್ದಾಗ ಏಳು, ಮೊಣಕಾಲು ಹಾಕಿದಾಗ ಹಾಕು. ಕ್ಯಾಮೆರಾ ಹಿಂದೆ ಉಂಟು, ಬೆನ್ನು ಮಾತ್ರ ಕಾಣೋದು. ಬೆಂಚಲ್ಲಿ ನನ್ನ ಪಕ್ಕ ಕೂರುವ ರೊವೀನಾಗೆ ಮಾತ್ರ ಹೇಳಿದ್ದೇನೆ. ನೀನು ತಿರುಗಬೇಡ, ಸಾಕು."

ನನ್ನ ಗಂಡ ಶಶಿಧರ ಒಳಗಿನಿಂದಲೇ ಗೊಣಗಿದ: "ಮೀನ ಮುಟ್ಟದಾಕಿಗೆ ಮೀನಿನ ಉಸಾಬರಿ ಯಾಕ ಬೇಕಾಗೇತಿ?" ನಾನು ಕೋಟು ಇಸಿದುಕೊಂಡೆ. ಅಂದು ನಕ್ಕವರ ನಗು ನನ್ನ ಕಿವಿಯಲ್ಲೂ ಇನ್ನೂ ಇತ್ತು.

ಮರುದಿನ ಸಂಜೆ ಕೆಂಪು ಕೋಟು ತೊಟ್ಟು ವೇಲು ಹೊದ್ದು ಆಂಟಿಯ ಜಾಗದಲ್ಲಿ ಕೂತೆ. ರೊವೀನಾ ಎದ್ದಾಗ ಎದ್ದೆ, ಕೂತಾಗ ಕೂತೆ. ಮೊಣಕಾಲೂರಿ ಬೆನ್ನು ನೆಟ್ಟಗೆ ಮಾಡಿದೆ. ಎಲ್ಲ ಸರಿಯಾಗಿಯೇ ನಡೆದಿತ್ತು. ಆಮೇಲೆ ಪಾದ್ರಿಗಳು ಧೂಪ ಹಿಡಿದು ಇಳಿದು ಬಂದರು. ಹೊಗೆ ನನ್ನತ್ತ ತೇಲಿ ಬಂತು. ಹುಟ್ಟಿನಿಂದ ಬಂದ ಅಭ್ಯಾಸ ಎಲ್ಲಿ ಹೋದೀತು? ಮಂಗಳಾರತಿ ತೆಗೆದುಕೊಳ್ಳುವ ಹಾಗೆ ಎರಡೂ ಕೈ ಚಾಚಿ ಹೊಗೆಯನ್ನು ಕಣ್ಣಿಗೆ ಒತ್ತಿಕೊಂಡೆ. ರೊವೀನಾ ನನ್ನ ತೊಡೆ ಚಿವುಟಿದಳು. ಆಗಲೇ ಗೊತ್ತಾದದ್ದು ನಾನು ಮಾಡಿದ ಎಡವಟ್ಟು. ಚರ್ಚಿನಲ್ಲಿ ಧೂಪಕ್ಕೆ ಯಾರೂ ಕೈ ಚಾಚುವುದಿಲ್ಲ. ನನ್ನ ಬೆನ್ನ ಹಿಂದೆ ಕ್ಯಾಮೆರಾ, ಅದರಾಚೆ ಎಲ್ಲೋ ಹೊಳೆಯ ದಡದಲ್ಲಿ ಅವನ ಫೋನು. ಎಲ್ಲವನ್ನೂ ಹಾಳು ಮಾಡಿದೆ ಎಂದುಕೊಂಡೆ. ಮೇರಿ ಮಾತೆಗೂ ನನ್ನ ಮನೆದೇವರಿಗೂ ಒಟ್ಟಿಗೆ ಬೇಡಿಕೊಂಡೆ, ಅವನು ಸಿಕ್ಕಿಬೀಳಲಿ ಎಂದು. ಇಂಥ ಪ್ರಾರ್ಥನೆ ಆ ಚರ್ಚಿನಲ್ಲಿ ಅಂದು ನನ್ನದೊಂದೇ ಇದ್ದಿರಬೇಕು.

ಪೂಜೆ ಮುಗಿಯುತ್ತಿದ್ದಂತೆ ಫೋನ್ ನಡುಗಿತು. ಆಂಟಿಯ ಮೆಸೇಜು: "ಬಾ."

ಕೋಟು ಬಿಚ್ಚುವುದನ್ನೂ ಮರೆತು ಕಾರು ಓಡಿಸಿದೆ. ದೋಣಿ ಇಳಿಸುವ ಜಾಗದಲ್ಲಿ ಇಲಾಖೆಯ ಎರಡು ವಾಹನಗಳಿದ್ದವು. ಅಧಿಕಾರಿಗಳು ಹ್ಯಾರಿಸ್‌ನ ದೋಣಿಯನ್ನೂ ಕಾರನ್ನೂ ವಶಕ್ಕೆ ತೆಗೆದುಕೊಂಡಿದ್ದರು. ಟಾರ್ಪಾಲಿನ ಮೇಲೆ ಬಲೆ ರಾಶಿ ಬಿದ್ದಿತ್ತು. ಉಸಿರಿದ್ದ ಮೀನುಗಳನ್ನು ಒಬ್ಬ ಅಧಿಕಾರಿ ಬಿಡಿಸಿ ನೀರಿಗೆ ಬಿಡುತ್ತಿದ್ದ. ಹೆಚ್ಚಿನವು ಸತ್ತಿದ್ದವು. ಬಾಯಿ ತೆರೆದುಕೊಂಡು, ಹೊಟ್ಟೆಯಿಂದ ಹಳದಿ ಮೊಟ್ಟೆ ಸೋರುತ್ತ ಬಿದ್ದಿದ್ದವು. ಮೀನು ಕಂಡರೆ ಮುಖ ತಿರುಗಿಸುವ ನಾನು ಆ ದಿನ ತಿರುಗಿಸಲಿಲ್ಲ.

ಆಂಟಿ ಮಗನ ಹಳೆಯ ಕಪ್ಪು ಜಾಕೆಟ್ ತೊಟ್ಟು, ಕೈಕಟ್ಟಿ ನಿಂತಿದ್ದರು. ಹ್ಯಾರಿಸ್ ಅವರ ಮುಂದೆ ಬಿಳಿಚಿಕೊಂಡಿದ್ದ. "ನೀವು ಚರ್ಚಲ್ಲಿ ಇದ್ರಿ ಆಂಟಿ. ನನ್ನ ಕಣ್ಣಾರೆ ನೋಡಿದ್ದೇನೆ. ನೀವು ಧೂಪಕ್ಕೆ ಎರಡೂ ಕೈ ಚಾಚಿದ್ದು ನೋಡಿ ನಗು ಬಂತು, ಆಂಟಿಗೆ ಭಕ್ತಿ ಜಾಸ್ತಿ ಆಯ್ತು ಅಂದ್ಕೊಂಡೆ..."

ಅಷ್ಟರಲ್ಲಿ ಅವನ ಕಣ್ಣು ನನ್ನ ಮೇಲೆ, ಕೆಂಪು ಕೋಟಿನ ಮೇಲೆ ಬಿತ್ತು. ಧೂಪಕ್ಕೆ ಕೈ ಒಡ್ಡುವವಳು ತನ್ನ ಧರ್ಮದವಳಲ್ಲ ಎಂಬುದು ಚರ್ಚಿನಲ್ಲೇ ಬೆಳೆದವನಿಗೆ ಹೊಳೆಯಬೇಕಿತ್ತು. ಆದರೆ ಆ ಹೊತ್ತಿನಲ್ಲಿ ಅವನ ಕೈಯಲ್ಲಿ ಬಲೆಯ ಹಗ್ಗವಿತ್ತು, ಬಲೆ ಭಾರವಾಗಿತ್ತು.

ಆಂಟಿ ನನ್ನನ್ನು ನೋಡಿ ಹುಬ್ಬು ಹಾರಿಸಿದರು. ನಗಲಿಲ್ಲ.

ಅವನು ಅಲ್ಲೇ ನೆಲದ ಮೇಲೆ ಕೂತ. "ಆಂಟಿ, ಇಲ್ಲಿ ಕಾಯಂ ಇರ್ಲಿಕ್ಕೆ ಬೇಕಾದ ಪಿಆರ್ ನನಗೆ ಇನ್ನೂ ಬಂದಿಲ್ಲ. ಕೇಸಾದ್ರೆ ಎಲ್ಲ ಮುಗೀತು. ಲೀಶಾಳ ಮುಖ ನೋಡಿ. ನಾನು ಎತ್ತಿದ್ದು ನೀವು ನೋಡಿಲ್ಲ ಅಂತ ಹೇಳಿ ಇವರಿಗೆ, ನಿಮ್ಮ ಮಾತು ಕೇಳ್ತಾರೆ. ನಾವು ಒಂದೇ ಚರ್ಚಿನವರು."

ನನಗೆ ಒಂದು ಕ್ಷಣ ಲೀಶಾಳ ನೆನಪಾಯಿತು, ಸಂಕಟವಾಯಿತು. ಆಂಟಿ ಏನೆನ್ನುತ್ತಾರೋ ಎಂದು ಕಾದೆ. ಕ್ಷಮಿಸಿಬಿಡುತ್ತಾರೇನೋ ಎಂಬ ಭಯವೂ ಇತ್ತು, ಸುಳ್ಳು ಹೇಳುವುದಿಲ್ಲ.

ಆಂಟಿ ಬಗ್ಗಿ ಟಾರ್ಪಾಲಿನಿಂದ ಸತ್ತ ಒಂದು ದೊಡ್ಡ ಬ್ರೀಮನ್ನು ಎತ್ತಿಕೊಂಡರು. ಅಧಿಕಾರಿ ಬೇಡವೆನ್ನಲು ಬಾಯಿ ತೆರೆದು, ಅವರ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಆಂಟಿ ಕಿವಿರಿನ ಸುತ್ತಲಿನ ಗಾಯವನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಮೀನನ್ನು ಅದೇ ಜಾಗದಲ್ಲಿಟ್ಟು, ಅವನ ಎದುರು ನೆಟ್ಟಗೆ ನಿಂತರು.

"ಅವತ್ತು ಅಂಗಡಿ ಎದುರು ನೀನು ಒಂದು ಪ್ರಶ್ನೆ ಕೇಳಿದ್ದೆ. ನೆನಪುಂಟಾ?"

ಅವನು ಅರ್ಥವಾಗದೆ ಕಣ್ಣು ಕಿರಿದು ಮಾಡಿದ.

"ಹೌದು ಹ್ಯಾರಿಸ್," ಎಂದರು ಆಂಟಿ. "ನನ್ನ ಅಪ್ಪನದ್ದೇ."

ಮತ್ತೆ ಅವನತ್ತ ತಿರುಗಿ ನೋಡದೆ, ತಾವು ಕಂಡದ್ದನ್ನೆಲ್ಲ ಹೇಳಲು ಅಧಿಕಾರಿಯ ಬಳಿಗೆ ನಡೆದರು.