ನಮ್ಮ ಪೈಕಿಯ ಹುಡುಗಿ

ಹೊಸಪೇಟೆಯ ಆ ಆಸ್ಪತ್ರೆಗೆ ಆಪ್ತಸಮಾಲೋಚಕಿಯಾಗಿ ಸೇರಿದ ದಿನವೇ ಡಾಕ್ಟರು ಅಂಜಲಿಯ ಮೇಜಿನ ಮೇಲಿದ್ದ ಪುಟ್ಟ ಬುದ್ಧನನ್ನು ಡ್ರಾಯರಿನೊಳಗೆ ಇಡಿಸಿದ್ದರು. "ತರಾವರಿ ಮಂದಿ ಬರ್ತಾರಮ್ಮ, ಸುಮ್ನ ಯಾಕ?" ಪಾಪಿನಾಯಕನಹಳ್ಳಿಯ ದಲಿತ ಕೇರಿಯಲ್ಲಿ ಅಪ್ಪ ಅವ್ವ ಕೂಲಿ ಮಾಡಿ ಓದಿಸಿದ ಹುಡುಗಿ, ಕೆಲಸ ಬೇಕಿತ್ತು, ಇಟ್ಟಳು. ಬಂದವರ ದುಃಖದ ನಡುವೆ ನಿನ್ನ ವಿಚಾರ ತರಬೇಡ ಎಂದು ಕಾಲೇಜಿನಲ್ಲೂ ಕಲಿಸಿದ್ದರು. ಕಲಿಸಿದವರಿಗೇನು, ನೀವು ಯಾವ ಪೈಕಿ ಎಂದು ಅವರನ್ನು ಯಾರೂ ಕೇಳಿರಲಿಕ್ಕಿಲ್ಲ.

ಕಂಪ್ಲಿಯ ಸಂಗಮ್ಮ ನಿದ್ದೆ ಬರುವುದಿಲ್ಲವೆಂದು ಬಂದವರು. ಅಕ್ಕಿ ಗಿರಣಿಯ ಮನೆತನ. ಮಗಳು ಸೌಜನ್ಯ ಕೇರಿಯ ಕಿರಣ್ ಕುಮಾರನನ್ನು ಮದುವೆಯಾಗಿ ಕುರೆಕುಪ್ಪದಲ್ಲಿದ್ದಳು. ಮಗಳು ಸತ್ತಳೆಂದು ಮನೆಮಂದಿಯೆಲ್ಲ ತಲೆ ಮೇಲೆ ನೀರು ಹಾಕಿಕೊಂಡಿದ್ದರು. ಈಗ ಅವಳಿಗೆ ಕೂಸು ಹುಟ್ಟಿದೆಯಂತೆ. ವಾರವಾರ ಬಂದು ಅತ್ತು, ಅಂಜಲಿ ಕೊಟ್ಟ ನೀರು ಕುಡಿದು, ಆ ತಾಯಿ ಕೊನೆಗೂ ಒಂದು ದಿನ ಫೋನು ಕೈಗೆತ್ತಿಕೊಂಡರು.

ನಂಬರು ಒತ್ತುವ ಮುಂಚೆ ತಲೆಯೆತ್ತಿದರು. "ನಿಮ್ಮಿಂದ ಭಾಳ ಧೈರ್ಯ ಬಂತವ್ವ. ನೀವು ನಮ್ಮ ಪೈಕಿನೇ ಅಲ್ಲೇನ್ರಿ?"

ಅಲ್ಲ ಎಂದರೆ ಫೋನು ಮತ್ತೆ ಚೀಲ ಸೇರುತ್ತದೆ. ಒಂದು ಕೂಸಿಗೆ ಅಜ್ಜಿ ಸಿಗುವುದಾದರೆ ಸಿಗಲಿ ಎಂದುಕೊಂಡು ಅಂಜಲಿ ಹೂಂಗುಟ್ಟಿದಳು. ಡ್ರಾಯರಿನ ಕಡೆ ನೋಡಲಿಲ್ಲ.

ಫೋನು ಹತ್ತಿತು, ಇತ್ತ ತಾಯಿ ಅತ್ತ ಮಗಳು ಇಬ್ಬರೂ ಅತ್ತರು. ಆಮೇಲೆ ಸಂಗಮ್ಮ ಕಣ್ಣೊರೆಸಿಕೊಂಡು ಮೆತ್ತಗೆ ಹೇಳಿದರು. "ಬಾ ನನ್ನವ್ವ, ನಿಮ್ಮಪ್ಪನ್ನ ನಾ ಒಪ್ಪಿಸ್ತೀನಿ. ಆದ್ರ ಒಬ್ಬಾಕೀನೇ ಬಾ. ಕೂಸನ್ನ ಅವ್ರ ಕೇರ್ಯಾಗ ಬಿಟ್ಟು ಬಾ."

ಅತ್ತ ಮಗಳು ಕೂಗಾಡತೊಡಗಿದಳು. "ಇಲ್ಲಿ ನಮ್ಮ ಪೈಕಿ ಮೇಡಮ್ಮೋರು ಅದಾರ, ಅವ್ರನ್ನಾರ ಕೇಳು" ಎಂದವರೇ ಸಂಗಮ್ಮ ಫೋನನ್ನು ಅಂಜಲಿಯ ಕೈಗೆ ತುರುಕಿದರು.

"ನೀವೂ ಇದನ್ನೇ ಹೇಳಾಕ ಕುಂತೀರೇನ್ರಿ ಮೇಡಂ?" ಎಂದಳು ಸೌಜನ್ಯ. ಹಿಂದೆ ಕೂಸು ಅಳುತ್ತಿತ್ತು. "ನೀವೆಲ್ಲಾ ಒಂದೇ."

ಇಲ್ಲ, ನಾನೂ ಕೇರಿಯವಳೇ ಎನ್ನಲು ಅಂಜಲಿ ಬಾಯಿ ತೆರೆದಳು. ಎದುರಿಗೆ ಸಂಗಮ್ಮ ಆಸೆಯಿಂದ ನೋಡುತ್ತಿದ್ದರು. ದನಿ ಹೊರಡುವಷ್ಟರಲ್ಲಿ ಲೈನು ಕಟ್ಟಾಗಿತ್ತು. ತಿರುಗಿ ಮಾಡಿದರೆ ಸ್ವಿಚ್ ಆಫ್.

"ಹೋಗ್ಲಿ ಬಿಡವ್ವ" ಎಂದು ಸಂಗಮ್ಮ ಅವಳ ಗಲ್ಲ ಸವರಿದರು. "ನೀವಾರ ನನ್ನ ಹೊಟ್ಯಾಗ ಹುಟ್ಟಬಾರದಿತ್ತೇನ್ರಿ?"

ಅವರು ಈಗಲೂ ವಾರವಾರ ಬರುತ್ತಾರೆ, ಬರುವಾಗ ಅಂಜಲಿಗೆಂದು ಮನೆಯ ಹೋಳಿಗೆ ತರುತ್ತಾರೆ. ಸೌಜನ್ಯಳ ನಂಬರಿಗೆ ಅಂಜಲಿ ಆಗಾಗ ಮಾಡಿ ನೋಡುತ್ತಾಳೆ. ಅದು ಮತ್ತೆ ಹತ್ತಿಲ್ಲ.