ಒಂದು ಪದದಷ್ಟು ಖಾಲಿ ಜಾಗ

ನನ್ನ ಯಜಮಾನರು ಡಾಕ್ಟರು. ಮನೆಯಲ್ಲಿ ನಾನು ದೆವ್ವದ ಮಾತೆತ್ತಿದರೆ ಮೊದಲು ಬಿ.ಪಿ. ನೋಡುತ್ತಾರೆ, ಆಮೇಲೆ ನಿದ್ದೆ ಸರಿಯಾಗಿ ಆಗಿದೆಯಾ ಎಂದು ಕೇಳುತ್ತಾರೆ. ಈ ಸಂಗತಿ ಹೇಳಿದಾಗಲೂ ಅದೇ ಆಯಿತು. ಬಿ.ಪಿ. ಸರಿಯಾಗಿಯೇ ಇತ್ತು. ನೀವು ನಂಬಿ, ಬಿಡಿ... ಆ ರಾತ್ರಿ ನಾನು ಪೂರ್ತಿ ಎಚ್ಚರವಾಗಿದ್ದೆ. ನನ್ನ ಪಕ್ಕದಲ್ಲಿ ಇನ್ನೊಬ್ಬರಿದ್ದರು. ಅವರೂ ನೋಡಿದರು.

ಲಂಡನ್ನಿನ ನಡುಮಧ್ಯದ ಒಂದು ಚಿಕ್ಕ ಖಾಸಗಿ ಲೈಬ್ರರಿಯಲ್ಲಿ ನನ್ನ ಕೆಲಸ. ಹೆಸರು ಬೇಡ. ಹಳೆಯ ಹಸ್ತಪ್ರತಿಗಳ ಫೋಟೋ ತೆಗೆದು ಕಂಪ್ಯೂಟರಿಗೆ ಏರಿಸುವುದು. ಹೆಚ್ಚಿನವು ಹೀಬ್ರೂ. ನನಗೆ ಹೀಬ್ರೂ ಒಂದಕ್ಷರವೂ ಬರುವುದಿಲ್ಲ. ಬಲದಿಂದ ಎಡಕ್ಕೆ ಓದುತ್ತಾರೆ ಎಂದು ಗೊತ್ತು, ತಲೆಕೆಳಗಾಗಿ ಇಟ್ಟರೆ ಮಿರಿಯಂ ಬೈಯುತ್ತಾರೆ ಎಂದೂ ಗೊತ್ತು. ಹದಿನೈದು ವರ್ಷದ ಅನುಭವದಲ್ಲಿ ಇಷ್ಟೇ ನನ್ನ ಪಾಂಡಿತ್ಯ.

ಮಿರಿಯಂ ಅಂದರೆ ಈ ಹಸ್ತಪ್ರತಿಗಳನ್ನು ಓದುವವರು. ಎಪ್ಪತ್ತು ದಾಟಿದ ಹೆಂಗಸು. ಹಳೆಯ ಹಾಳೆಯೊಂದು ಸಿಕ್ಕರೆ ಊಟ ಮರೆಯುವವರು.

ಹೋದ ಚಳಿಗಾಲದಲ್ಲಿ ಒಂದು ಯಹೂದಿ ಕುಟುಂಬ ತಮ್ಮ ಮನೆಯ ಮರದ ಸಂಪುಟವೊಂದನ್ನು ರಿಪೇರಿಗೆ ಕೊಟ್ಟಿತು. ಬಾಗ್ದಾದಿನಿಂದ ಮುಂಬಯಿಗೆ, ಅಲ್ಲಿಂದ ಲಂಡನ್ನಿಗೆ ಬಂದ ಮನೆತನ. ಅವರ ಧರ್ಮಗ್ರಂಥದ ಸುರುಳಿಯನ್ನು ನಿಲ್ಲಿಸಿ ಇಡುವ ದುಂಡನೆಯ ಸಂಪುಟ ಅದು. ತಳದ ಹಲಗೆ ಸಡಿಲವಾಗಿತ್ತು. ಬಿಚ್ಚಿದರೆ ಅದರ ಕೆಳಗೆ ಇನ್ನೊಂದು ತಳ. ನಡುವೆ ಸುತ್ತಿಟ್ಟ ಒಂದೇ ಒಂದು ಚರ್ಮದ ಹಾಳೆ... ಹಳೆಯ ಮೃದಂಗದ ವಾಸನೆ.

ಮಿರಿಯಂ ವಾರಗಟ್ಟಲೆ ಅದರ ಮುಂದೆ ಕೂತರು. ಅಕ್ಷರದ ರೂಪ, ಗೆರೆ ಎಳೆದ ರೀತಿ, ಮಸಿಯ ಬಣ್ಣ ಎಲ್ಲ ನೋಡಿ ಮುನ್ನೂರು ವರ್ಷಕ್ಕೂ ಹಳೆಯದಿರಬೇಕು ಎಂದರು. ಒಂದು ದಿನ ನನ್ನನ್ನು ಕರೆದು ಹಾಳೆಯ ಕೆಳಭಾಗಕ್ಕೆ ಬೆರಳು ತೋರಿಸಿದರು. ಸಾಲುಗಳ ನಡುವೆ ಒಂದು ಪದದಷ್ಟು ಖಾಲಿ ಜಾಗ.

"ಇದು ದೇವರ ಹೆಸರು ಬರಬೇಕಾದ ಜಾಗ," ಎಂದರು. "ನಾಲ್ಕಕ್ಷರ. ಕೆಲವು ಲಿಪಿಕಾರರು ಉಳಿದದ್ದೆಲ್ಲ ಬರೆದು, ಹೆಸರಿಗೆ ಜಾಗ ಬಿಟ್ಟಿರ್ತಿದ್ರು. ನೀರಿನಲ್ಲಿ ಮುಳುಗಿ ಸ್ನಾನ ಮಾಡಿ ಬಂದು ಅದನ್ನು ತುಂಬೋರು. ಈತ ಬೇರೆ ಎಲ್ಲ ಕಡೆ ತುಂಬಿದ್ದಾನೆ. ಇದೊಂದು ಉಳಿದಿದೆ. ಕೊನೆಯ ಸಲ ಸ್ನಾನಕ್ಕೆ ಹೋದವನು ವಾಪಸ್ ಬರಲಿಲ್ಲವೋ ಏನೋ..."

ಕಣ್ಣು ಬರೆಯದೆ ಬಿಟ್ಟ ವಿಗ್ರಹದಂತೆ ಕಂಡಿತು ನನಗೆ. ಬೇಡವೆಂದರೂ ಕಣ್ಣು ಆ ಖಾಲಿ ಜಾಗಕ್ಕೇ ಹೋಗುತ್ತಿತ್ತು.

ಕುಟುಂಬದ ಹಿರಿಯರಿಗೆ ತಿಳಿಸಿದಾಗ ಅವರು ಹೇಳಿದ್ದು ಒಂದೇ ಮಾತು: ಹೂಳಬೇಕು. ಅವರಲ್ಲಿ ಹಾಗೆ. ಅಪೂರ್ಣವಾದ ಹಾಳೆಯನ್ನು ಪೂಜೆಗೆ ಬಳಸುವಂತಿಲ್ಲ, ಎಸೆಯುವಂತೆಯೂ ಇಲ್ಲ; ಮನುಷ್ಯರನ್ನು ಮಣ್ಣು ಮಾಡಿದಂತೆ ಸ್ಮಶಾನದಲ್ಲಿ ಹೂಳುತ್ತಾರೆ. ಮಿರಿಯಂ ಎಷ್ಟು ಬೇಡಿಕೊಂಡರೂ ಅವರು ಬಗ್ಗಲಿಲ್ಲ. ಫೋಟೋ ತೆಗೆದುಕೊಳ್ಳಿ, ಬೆಳಿಗ್ಗೆ ಬಂದು ಒಯ್ಯುತ್ತೇವೆ ಎಂದರು.

"ಒಂದೇ ಒಂದು ಪದ," ಎಂದು ಮಿರಿಯಂ ಆ ಸಂಜೆ ಕೋಟು ಹಾಕಿಕೊಳ್ಳುತ್ತಾ ಹೇಳಿದರು. "ಇಷ್ಟು ಕಾಲ ಕಾದು, ನಾಳೆ ಹಾಗೇ ಮಣ್ಣಿಗೆ ಹೋಗುತ್ತೆ ಪಾಪ." ಅವರ ಕಣ್ಣು ಒದ್ದೆಯಾಗಿತ್ತು.

ಹೀಗಾಗಿ ಆ ರಾತ್ರಿ ನಾನು ನೆಲಮಾಳಿಗೆಯಲ್ಲಿ ಒಬ್ಬಳೇ ಉಳಿದೆ. ಬೇರೆ ಬೇರೆ ಬೆಳಕಿನಲ್ಲಿ ಹಾಳೆಯ ಇಂಚಿಂಚೂ ತೆಗೆಯಬೇಕಿತ್ತು. ಮೇಲೆ ರಿಸೆಪ್ಷನ್ನಿನಲ್ಲಿ ಸೆಕ್ಯುರಿಟಿ ಫೆಲಿಕ್ಸ್ ಇದ್ದರು. ಉಡುಪಿ ಕಡೆಯವರು, ಮನೆಮಾತು ಕೊಂಕಣಿ, ನನ್ನ ಜೊತೆ ಕನ್ನಡ. ನನ್ನ ಮೈಸೂರು ಕನ್ನಡ ಕೇಳಿ ಅವರಿಗೆ ನಗು, ಅವರದು ಕೇಳಿ ನನಗೆ.

ಖಾಲಿ ಜಾಗದ ಫೋಟೋವನ್ನು ಮೊದಲೇ ತೆಗೆದಿದ್ದೆ. ಇದನ್ನು ನೆನಪಿಟ್ಟುಕೊಳ್ಳಿ.

ಕೆಲಸ ಅರ್ಧ ಮುಗಿದಿತ್ತು. ಮೊದಲು ಬಂದದ್ದು ವಾಸನೆ... ಒದ್ದೆ ಬಟ್ಟೆಯ ವಾಸನೆ. ಬಾವಿಯ ನೀರಿನಲ್ಲಿ ಅದ್ದಿ ತೆಗೆದ ಹತ್ತಿ ಬಟ್ಟೆಗೆ ಇರುತ್ತದಲ್ಲ, ಆ ತಣ್ಣನೆಯ ವಾಸನೆ. ಆಮೇಲೆ ಶಬ್ದ. ತೊಟ್... ತೊಟ್...

ಸತ್ಯ ಹೇಳುತ್ತೇನೆ, ಆಗ ನನಗೆ ದೆವ್ವದ ಯೋಚನೆ ಸುಳಿಯಲೇ ಇಲ್ಲ. ಹಸ್ತಪ್ರತಿ ಇರುವ ಕಡೆ ನೀರೆಂದರೆ ಬೆಂಕಿಗಿಂತ ಹೆಚ್ಚು ಭಯ. ಪೈಪು ಒಡೆದಿದೆ ಎಂದೇ ಮೇಲೆ ಓಡಿದೆ.

"ಎಂತ ಮೇಡಂ, ಓಡಿ ಬಂದದ್ದು?"

"ಕೆಳಗೆ ನೀರು ತೊಟ್ಟಿಕ್ತಾ ಇದೆ ಫೆಲಿಕ್ಸ್. ಬೇಗ ಬನ್ನಿ."

"ಅದೊಂದು ಬೇಡ ಮಾರಾಯ್ರೆ! ನಾಳೆ ನನ್ನ ತಲೆ ತೆಗೀತಾರೆ." ಟಾರ್ಚು, ಒಂದು ಟವೆಲು ಹಿಡಿದುಕೊಂಡು ಹೊರಟರು.

ನೆಲಮಾಳಿಗೆಯ ಕಾರಿಡಾರು ಉದ್ದಕ್ಕಿದೆ. ಕೊನೆಯಲ್ಲಿ ನನ್ನ ಫೋಟೋ ಕೋಣೆ. ಅಲ್ಲಿನ ದೀಪಗಳು ಮನುಷ್ಯರು ನಡೆದಾಗ ತಾವೇ ಹತ್ತಿಕೊಳ್ಳುತ್ತವೆ, ಯಾರೂ ಅಲ್ಲಾಡದಿದ್ದರೆ ತಾವೇ ಆರುತ್ತವೆ. ಮೆಟ್ಟಿಲಿಳಿದಾಗ ಪೂರ್ತಿ ಕತ್ತಲು. ಫೆಲಿಕ್ಸ್ ಇನ್ನೂ ಕೊನೆಯ ಮೆಟ್ಟಿಲ ಮೇಲಿದ್ದರು...

ಕಾರಿಡಾರಿನ ನಡುವಿನ ದೀಪ ಹತ್ತಿತು. ಅದರ ಕೆಳಗೆ ಯಾರೂ ಇರಲಿಲ್ಲ. ಅದರ ಮುಂದಿನದು ಹತ್ತಿತು. ಅದರ ಮುಂದಿನದು. ಕೊನೆಗೆ ನನ್ನ ಕೋಣೆಯ ದೀಪ.

"ಒಳಗೆ ಬೇರೆ ಯಾರಾದ್ರೂ ಇದ್ದಾರಾ ಮೇಡಂ?" ಫೆಲಿಕ್ಸ್ ದನಿ ಇಳಿದಿತ್ತು.

"ಇಲ್ಲ."

ಅವರು ನೆಲದ ಮೇಲೆ ಟಾರ್ಚಿನ ಬೆಳಕು ಬಿಟ್ಟರು. ಬರಿಗಾಲಿನ ಒದ್ದೆ ಹೆಜ್ಜೆಗಳು. ಒಂದರ ಹಿಂದೊಂದು, ನನ್ನ ಕೋಣೆಯತ್ತ ಹೋಗಿದ್ದವು. ವಾಪಸ್ ಬಂದ ಗುರುತು ಇರಲಿಲ್ಲ.

ನಾನು ಅಲ್ಲಿಂದ ಓಡಿಹೋಗಬೇಕಿತ್ತು. ಆದರೆ ಹಾಳೆ ಒಳಗಿತ್ತು. ಗೋಡೆ ಹಿಡಿದುಕೊಂಡು ಹೋದೆ. ಬಾಗಿಲ ಹತ್ತಿರ ಬಂದಾಗ ಒಳಗಿನಿಂದ ಗುನುಗು ಕೇಳಿಸಿತು. ಗಂಡಸಿನ ದನಿ, ಪ್ರಾರ್ಥನೆಯ ಹಾಗೆ. ಅದು ನಿಂತಿತು. ಆಮೇಲೆ ಚರ್ಮದ ಮೇಲೆ ಲೇಖನಿ ಆಡುವ ಸದ್ದು... ಸರ್... ಸರ್...

ಬಾಗಿಲು ಅರ್ಧ ತೆರೆದಿತ್ತು. ಮೇಜಿಗೆ ಬಾಗಿ, ನಮಗೆ ಬೆನ್ನು ಹಾಕಿ ಒಬ್ಬ ನಿಂತಿದ್ದ. ಬಿಳಿಯ ಉದ್ದನೆ ಬಟ್ಟೆ ಮೈಗೆ ಅಂಟಿಕೊಂಡಿತ್ತು. ಕೂದಲಿನಿಂದ ನೀರು ಬೆನ್ನ ಮೇಲೆ ಇಳಿಯುತ್ತಿತ್ತು. ಹಾಳೆಯ ಮೇಲೆ ಹನಿ ಬೀಳದಂತೆ ಕತ್ತು ಪಕ್ಕಕ್ಕೆ ವಾಲಿಸಿಕೊಂಡಿದ್ದ. ಆ ಜತನ ನೋಡಿ ನನಗೆ ಅರ್ಥವಾಯಿತು. ಹೆದರಿಕೆಯ ಜೊತೆಗೇ ಸಂತೋಷವೂ ಆಯಿತು, ನಂಬುತ್ತೀರಾ? ಬಂದನಲ್ಲ! ಬೆಳಗಾಗುವುದರೊಳಗೆ ಬಂದನಲ್ಲ!

ಆದರೆ ಫೆಲಿಕ್ಸ್ ಕಳ್ಳನೋ ಹುಚ್ಚನೋ ನುಗ್ಗಿದ್ದಾನೆ ಎಂದುಕೊಂಡಿದ್ದರು. ನಾನು ತಡೆಯುವ ಮೊದಲೇ ಸದ್ದಿಲ್ಲದೆ ಒಳಗೆ ಹೋಗಿ, ಅವನ ಭುಜದತ್ತ ಕೈ ಚಾಚಿದರು.

ನಮ್ಮಜ್ಜಿ ಒದ್ದೆ ಸೀರೆಯಲ್ಲಿ ಬಚ್ಚಲಿನಿಂದ ದೇವರ ಮನೆಗೆ ಹೋಗುವಾಗ ಮಕ್ಕಳೆಲ್ಲ ಗೋಡೆಗೆ ಅಂಟಿಕೊಳ್ಳಬೇಕಿತ್ತು. ತಪ್ಪಿ ಸೋಕಿದರೆ ಮಡಿ ಕೆಟ್ಟಿತು, ಅವರು ಮತ್ತೆ ಸ್ನಾನ ಮಾಡಬೇಕು. ಇಷ್ಟು ವರ್ಷ ಲಂಡನ್ನಿನಲ್ಲಿದ್ದು, ಆ ಮಡಿ ಮೈಲಿಗೆಯನ್ನೆಲ್ಲ ಆಡಿಕೊಂಡು ನಕ್ಕವಳು ನಾನು. ಆ ಕ್ಷಣಕ್ಕೆ ಅದೇ ಗಂಟಲಿಗೆ ಬಂತು.

"ಮುಟ್ಟಬೇಡಿ!" ಎಂದು ಕಿರುಚಿದೆ.

ಫೆಲಿಕ್ಸ್ ಕೈ ಗಾಳಿಯಲ್ಲೇ ನಿಂತಿತು. ಸೋಕಿರಲಿಲ್ಲ.

ಲೇಖನಿಯ ಸದ್ದೂ ನಿಂತಿತು.

ಅವನು ತಿರುಗಿದ. ಮೂವತ್ತರ ಆಸುಪಾಸಿನ ಮುಖ, ಗಡ್ಡದ ತುದಿಯಲ್ಲಿ ನೀರು. ಕೋಪವೇನೂ ಇರಲಿಲ್ಲ. ಏನೋ ಎಣಿಸುತ್ತಾ ಲೆಕ್ಕ ತಪ್ಪಿದವರ ಮುಖ ಹೇಗಿರುತ್ತದೆ, ಹಾಗಿತ್ತು. ಫೆಲಿಕ್ಸ್ ಕಡೆ ಅವನು ನೋಡಲೇ ಇಲ್ಲ. ನನ್ನನ್ನೇ ನೋಡಿದ. ನೋಡಿ, ಮೆಲ್ಲಗೆ, ಸ್ಪಷ್ಟವಾಗಿ ಹೇಳಿದ:

"ಬಾ."

ಕನ್ನಡದಲ್ಲಿ! ಉಸಿರಾಡಲೂ ಹೆದರಿ ನಾವಿಬ್ಬರೂ ನಿಂತೇ ಇದ್ದೆವು. ಯಾರೂ ಅಲ್ಲಾಡಲಿಲ್ಲ ಎಂದು ದೀಪ ಆರಿಹೋಯಿತು...

ಎಷ್ಟು ಹೊತ್ತೋ ಗೊತ್ತಿಲ್ಲ. ಫೆಲಿಕ್ಸ್ ಕೊಂಕಣಿಯಲ್ಲಿ ಪ್ರಾರ್ಥನೆ ಹೇಳುತ್ತಾ ಕೈ ಬೀಸಿದರು. ಬೆಳಕು ಬಂತು. ಕೋಣೆಯಲ್ಲಿ ನಾವಿಬ್ಬರೇ. ಮೇಜಿನ ಕೆಳಗೆ ನೀರು ನಿಂತಿತ್ತು.

ಫೆಲಿಕ್ಸ್ ಮೊಣಕಾಲೂರಿ ಟವೆಲಿನಿಂದ ನೀರು ಒರೆಸಿದರು. ಹಿಂಡಿದರು, ಮತ್ತೆ ಒರೆಸಿದರು. ಆಮೇಲೆ ತಲೆಯೆತ್ತದೆ ಕೇಳಿದರು:

"ಮುಟ್ಟಬೇಡಿ ಅಂದದ್ದು ನನಗಲ್ವಾ ಮೇಡಂ?"

"ಫೆಲಿಕ್ಸ್, ಅದು ಹಾಗಲ್ಲ..."

"ಸಣ್ಣದಿರುವಾಗ ದೊಡ್ಡ ಮನೆಗಳಿಗೆ ಮಲ್ಲಿಗೆ ಕೊಡ್ಲಿಕ್ಕೆ ಹೋಗ್ತಿದ್ದೆ. ಹೂ ಬೇಕು ಅವರಿಗೆ, ದೇವರಿಗೆ ಹಾಕ್ಲಿಕ್ಕೆ. ನಾನು ಮಾತ್ರ ಮುಟ್ಟಬಾರ್ದು, ಜಗಲಿಯಲ್ಲಿ ಇಟ್ಟು ಹೋಗ್ಬೇಕು." ಸ್ವಲ್ಪ ನಕ್ಕರು. "ಲಂಡನ್ನಿಗೆ ಬಂದ ಮೇಲೆ ಕೇಳಿರ್ಲಿಲ್ಲ. ಇವತ್ತು ಕೇಳಿದೆ ನೋಡಿ."

ನನಗೆ ನಾಚಿಕೆಯಿಂದ ಮುಖ ಸುಟ್ಟಂತಾಯಿತು. ತಪ್ಪಾಯಿತು ಎಂದೆ. ಪರವಾಗಿಲ್ಲ ಎಂದರು. ಆಮೇಲೆ ಇಬ್ಬರೂ ಹಾಳೆ ನೋಡಿದೆವು.

ಖಾಲಿ ಜಾಗದಲ್ಲಿ ಎರಡು ಅಕ್ಷರಗಳಿದ್ದವು. ಮಸಿ ಇನ್ನೂ ಹೊಳೆಯುತ್ತಿತ್ತು. ಉಳಿದ ಎರಡರ ಜಾಗ ಖಾಲಿ. ಅದರದ್ದೂ ಒಂದು ಫೋಟೋ ತೆಗೆದೆ.

ಮಿರಿಯಂ ನಸುಕಿಗೇ ಬಂದರು. ನಾನು ಬಾಯಿ ಬಿಡುವ ಮೊದಲೇ ಅವರ ಕಣ್ಣು ಹಾಳೆಗೆ ಹೋಗಿತ್ತು. ಕುರ್ಚಿ ಎಳೆದುಕೊಂಡು ಕುಸಿದರು. ನನ್ನ ಕ್ಯಾಮೆರಾದಲ್ಲಿ ಹಿಂದಿನ ಸಂಜೆಯ ಫೋಟೋ ನೋಡಿದರು, ಹಾಳೆ ನೋಡಿದರು, ಮತ್ತೆ ಫೋಟೋ ನೋಡಿದರು. ನಾನು ಎಲ್ಲ ಹೇಳಿದೆ. ಮಡಿಯ ವಿಷಯವನ್ನೂ ವಿವರಿಸಿ, "ಸದ್ಯ, ಫೆಲಿಕ್ಸ್ ಮುಟ್ಟಲಿಲ್ಲ," ಎಂದೆ.

"ಮುಟ್ಟಿದ್ದರೆ ಏನೂ ಆಗ್ತಿರಲಿಲ್ಲ ಶೈಲಾ," ಎಂದರು ಮಿರಿಯಂ. "ನಮ್ಮಲ್ಲಿ ಇರುವ ನಿಯಮ ಬೇರೆ. ಹೆಸರು ಬರೆಯುವಾಗ ನಡುವೆ ಮಾತಾಡಬಾರದು. ರಾಜನೇ ಬಂದು ಕರೆದರೂ ಲಿಪಿಕಾರ ಓಗೊಡಬಾರದು. ನಾಲ್ಕೂ ಅಕ್ಷರ ಮುಗಿಯುವವರೆಗೆ ಅವನ ಮನಸ್ಸು ಆ ಹೆಸರಿನಲ್ಲೇ ಇರಬೇಕು."

ಹೊರಟವರನ್ನು ಹಿಂದಿನಿಂದ ಕೂಗಬಾರದು ಎಂದು ನಮ್ಮಜ್ಜಿಯೂ ಹೇಳುತ್ತಿದ್ದರು. ಅದು ಮಾತ್ರ ನೆನಪಾಗಲಿಲ್ಲ ನೋಡಿ.

"ಅವನು ಓಗೊಟ್ಟನಾ?" ಎಂದು ಕೇಳಿದರು.

"ಓಗೊಡಲಿಲ್ಲ, ನನ್ನನ್ನೇ ಕರೆದ. ನಮ್ಮ ಭಾಷೆಯಲ್ಲಿ... ಬಾ ಅಂದ."

ಮಿರಿಯಂ ನನ್ನ ಕೈ ಹಿಡಿದುಕೊಂಡರು.

"ಹೀಬ್ರೂವಿನಲ್ಲೂ ಆ ಪದ ಇದೆ. ಕರೆದಾಗ ಹೇಳುವ ಮಾತು. ಬರ್ತಾ ಇದ್ದೀನಿ, ಅಂತ."

ಇನ್ನೆರಡು ಅಕ್ಷರ ಬೇರೆ ಯಾರೂ ಬರೆಯುವಂತಿಲ್ಲವೇ ಎಂದು ಅತ್ತುಕೊಂಡು ಕೇಳಿದೆ. ಮಿರಿಯಂ ತಲೆಯಲ್ಲಾಡಿಸಿದರು. ಯಾರ ಕೈಯಿಂದ ಶುರುವಾಯಿತೋ ಅವರೇ ಮುಗಿಸಬೇಕಿತ್ತು ಎಂದಷ್ಟೇ ಹೇಳಿದರು.

ಅಷ್ಟರಲ್ಲಿ ಕುಟುಂಬದವರು ಬಂದರು. ಹಾಳೆಯನ್ನು ಬಿಚ್ಚಿ ನೋಡುವ ಗೋಜಿಗೂ ಹೋಗದೆ, ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು. ಅದೇ ಮಧ್ಯಾಹ್ನ ಹೂಳಿದರಂತೆ. ಎರಡೂ ಫೋಟೋ ನನ್ನ ಬಳಿ ಇವೆ. ಯಾರಿಗೂ ತೋರಿಸಬೇಡ ಎಂದು ಮಿರಿಯಂ ಮಾತು ತೆಗೆದುಕೊಂಡಿದ್ದಾರೆ.

ಫೆಲಿಕ್ಸ್ ಕೆಲಸ ಬಿಟ್ಟು ಸ್ಟ್ರಾಟ್‌ಫರ್ಡಿನ ಶಾಪಿಂಗ್ ಸೆಂಟರಿಗೆ ಹೋದರು. ಅಲ್ಲಿ ಸದಾ ಬೆಳಕು, ಸದಾ ಜನ. ಆಗಾಗ ಫೋನ್ ಮಾಡುತ್ತಾರೆ. ಮಕ್ಕಳ ವಿಷಯ, ಮೀನಿನ ವಿಷಯ ಎಲ್ಲ ಮಾತಾಡಿ ಕೊನೆಗೆ, "ಮತ್ತೆ ಬಂದ್ರಾ ಮೇಡಂ?" ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ.

ಹ್ಯಾರೋದ ನಮ್ಮ ಮನೆಯಲ್ಲಿ ಮಹಡಿಯಲ್ಲಿರುವ ಮಗಳನ್ನು ಊಟಕ್ಕೆ ಬಾ ಎಂದು ಕೂಗಿ ಕರೆಯುವುದು ನನ್ನ ಅಭ್ಯಾಸವಾಗಿತ್ತು. ಈಗ ಕೆಳಗಿನಿಂದಲೇ ಮೆಸೇಜ್ ಹಾಕುತ್ತೇನೆ. "ಅಮ್ಮಾ, ದಟ್ಸ್ ಸೋ ವಿಯರ್ಡ್," ಎಂದು ಅವಳು ಗೊಣಗುತ್ತಾಳೆ. ಕತ್ತಲಾದ ಮೇಲೆ ಆ ಒಂದಕ್ಷರ ನನ್ನ ಬಾಯಿಂದ ಹೊರಡುವುದಿಲ್ಲ ಎಂದು ಅವಳಿಗೆ ಹೇಗೆ ಹೇಳಲಿ?

ಅವನು ಬರೆಯಬೇಕಾದ ಹಾಳೆ ಈಗ ಮಣ್ಣಿನೊಳಗಿದೆ. ಕೂಗಿದವಳು ನಾನು. ಬರ್ತಾ ಇದ್ದೀನಿ ಎಂದು ಹೇಳಿ ಹೋದವನು ಅವನು. ಎಲ್ಲಿಗೆ ಬರಬೇಕು ಎಂದು ನಾನು ಹೇಳಲೇ ಇಲ್ಲ...