ಎರಡೂ ಕಡೆಯ ಸೋದರಮಾವ

ನಮ್ಮ ಬೀದಿಯ ಚಿನ್ನತಾಯಿಗೆ ಮೆಲ್ಲಗೆ ಮಾತಾಡುವುದು ಗೊತ್ತಿಲ್ಲ. ಚಿನ್ನಮನೂರಿನ ಹೊರಗೆ ತನ್ನ ದ್ರಾಕ್ಷಿ ಚಪ್ಪರದಡಿ ನಿಂತು ಅವಳು ಕೂಲಿಯವರನ್ನು ಕೂಗಿದರೆ, ತನ್ನನ್ನೇ ನಿಲ್ಲಿಸಲು ಹೇಳಿದರೆಂದು ಕಂಬಂ ಬಸ್ಸು ನಿಧಾನವಾಗುತ್ತದೆ ಎಂದು ನಾವೆಲ್ಲ ನಗುತ್ತೇವೆ. ಗಂಡ ತೀರಿಕೊಂಡು ಹದಿನಾರು ವರ್ಷ. ಇರುವವಳು ಒಬ್ಬಳೇ ಮಗಳು, ಇಂದುಜಾ. ಅವಳನ್ನು ಚಿನ್ನತಾಯಿ ತನ್ನ ಸ್ವಂತ ತಮ್ಮ ಧನಪಾಲನಿಗೇ ಕೊಟ್ಟಳು.

ಅಕ್ಕನ ಮಗಳನ್ನು ಕಟ್ಟಿಕೊಳ್ಳುವುದು ತಮಿಳು ಸೀಮೆಯ ನಮ್ಮ ಕನ್ನಡದವರಲ್ಲಿ ಹೊಸದೇನಲ್ಲ. ಹೊರಗಿನವನು ಹುಡುಗಿಯನ್ನು ಹೇಗೆ ನೋಡಿಕೊಳ್ಳುತ್ತಾನೋ ಎಂಬ ಭಯ ನಮಗೆ. ಒಳಗಿನವನು ಹೇಗೆ ನೋಡಿಕೊಂಡ ಎಂಬುದು ಮೂರನೇ ವರ್ಷ ಗೊತ್ತಾಯಿತು. ಒಂದು ಬೆಳಗ್ಗೆ ಇಂದುಜಾ ಎಡಗಿವಿಯನ್ನು ಸೆರಗಿನಿಂದ ಒತ್ತಿ ಹಿಡಿದು ತಾಯಿಯ ಮನೆಗೆ ಬಂದಳು. ಸಾರಿನಲ್ಲಿ ಉಪ್ಪು ಹೆಚ್ಚಾಗಿತ್ತಂತೆ. ಕಿವಿಯ ತಮಟೆ ಹರಿದಿದೆ ಎಂದು ಸರ್ಕಾರಿ ಆಸ್ಪತ್ರೆಯ ಡಾಕ್ಟರು ಚೀಟಿ ಬರೆದರು.

ಚಿನ್ನತಾಯಿ ಎಲ್ಲರೂ ಮಾಡುವುದನ್ನೇ ಮಾಡಿದಳು. ಕುಲದ ಹಿರಿಯ ಗುರುಸಾಮಿಗೆ ಹೇಳಿ ಕೂಟ ಸೇರಿಸಿದಳು. ಕೂಟದಲ್ಲಿ ಹೆಂಗಸರು ಬಾಯಿ ಬಿಡುವಂತಿಲ್ಲ. ಹುಡುಗಿಯ ದೂರನ್ನು ಅವಳ ಸೋದರಮಾವನೇ ಎದ್ದು ಹೇಳಬೇಕು. ಕಿವಿ ಚುಚ್ಚುವಾಗ ಮಡಿಲಲ್ಲಿ ಕೂರಿಸಿಕೊಂಡವನು, ಮೈನೆರೆದಾಗ ಸೀರೆ ತಂದವನು, ಕಷ್ಟಕ್ಕೂ ಅವನೇ ಬಾಯಿ. ಚಂದದ ಪದ್ಧತಿ. ಅದನ್ನು ಮಾಡಿದ ಹಿರಿಯರಿಗೆ ಒಂದೇ ಒಂದು ಸಂಗತಿ ಹೊಳೆದಿರಲಿಲ್ಲ ಅಷ್ಟೆ.

"ಹುಡುಗಿ ಕಡೆ ಮಾಮ ಯಾರಪ್ಪ?" ಎಂದು ಗುರುಸಾಮಿ ಗಂಟಲು ಸರಿಮಾಡಿಕೊಂಡು ಕೇಳಿದರು.

ಆರೋಪಿಯ ಜಾಗದಲ್ಲಿ ನಿಂತಿದ್ದ ಧನಪಾಲ ನಾಲ್ಕು ಹೆಜ್ಜೆ ಈ ಕಡೆ ಬಂದ. ಹೆಗಲ ಟವೆಲನ್ನು ಸೊಂಟಕ್ಕೆ ಕಟ್ಟಿ, ಹುಡುಗಿಯ ಕಡೆಯವರು ಈ ಸಲಕ್ಕೆ ಮನ್ನಿಸಿದ್ದಾರೆ ಎಂದ. ಮತ್ತೆ ನಾಲ್ಕು ಹೆಜ್ಜೆ ಆ ಕಡೆ ಹೋಗಿ ಹಿರಿಯರ ಕಾಲಿಗೆ ಉದ್ದಕ್ಕೆ ಬಿದ್ದ. ದೇವರಾಣೆ, ಒಬ್ಬರೂ ನಗಲಿಲ್ಲ. ಎಂಟು ದಿನದೊಳಗೆ ಹುಡುಗಿ ಗಂಡನ ಮನೆ ಸೇರಬೇಕು ಎಂದು ತೀರ್ಪಾಯಿತು.

ಚಿನ್ನತಾಯಿ ಎದ್ದು ನಿಂತಳು. "ದೊಡ್ಡಪ್ಪಾ, ಹೊಡ್ದವ್ನೂ ಅವ್ನೇ, ನ್ಯಾಯ ಕೇಳೋವ್ನೂ ಅವ್ನೇ. ಹಂಗಾದ್ರೆ ನನ್ನ ಮಗ್ಳಿಗೆ ಯಾರು?"

ಕೂಟದಲ್ಲಿ ಹೆಂಗಸು ಮಾತಾಡಬಾರದು ಎಂಬುದೊಂದೇ ಅದಕ್ಕೆ ಸಿಕ್ಕ ಉತ್ತರ.

ಮರುದಿನ ಅವಳು ರಿಜಿಸ್ಟ್ರಾರ್ ಆಫೀಸಿನ ಎದುರು ಪತ್ರ ಬರೆಯುವ ಪೊನ್ನುಸಾಮಿಯ ಬಳಿ ಹೋದಳು. ಅಂಗಿ ಬಿಳಿಯಾಗಿದ್ದರೆ ವಕೀಲ ಎಂದೇ ಅವಳ ಲೆಕ್ಕ. ಪೊನ್ನುಸಾಮಿ ಛಾಪಾ ಕಾಗದದ ಮೇಲೆ ಗಂಭೀರವಾಗಿ ಒಂದು ಒಪ್ಪಂದ ಬರೆದ. ಪಕ್ಕದ ಮನೆಯ ಅಂಗನವಾಡಿ ಟೀಚರ್ ಎಂಬ ಕಾರಣಕ್ಕೆ ಓದಿ ಹೇಳುವ ಕೆಲಸ ನನಗೆ ಬಂತು. ಧನಪಾಲ ಇನ್ನು ಮುಂದೆ ಹೆಂಡತಿಯನ್ನು ಕಾರಣವಿಲ್ಲದೆ ಹೊಡೆಯತಕ್ಕದ್ದಲ್ಲ ಎಂದಿತ್ತು. ಕಾರಣ ಇದ್ದರೆ ಹೊಡೆಯಬಹುದಾ ಎಂದು ಚಿನ್ನತಾಯಿ ಕೇಳಿದಳು. ಅದು ಪಾರ್ಟಿಗಳಿಗೆ ಬಿಟ್ಟದ್ದು ಎಂದ ಪೊನ್ನುಸಾಮಿ. ಅವಳು ಕಾಗದವನ್ನು ನಾಲ್ಕಾಗಿ ಹರಿದು ಅವನ ಮೇಜಿನ ಮೇಲೇ ಇಟ್ಟು ಬಂದಳು. ನನಗೆ ಬಹಳ ಸಂತೋಷವಾಯಿತು.

ಸರಿಯಾದ ದಾರಿ ಹೇಳಿದ್ದು ಕಿವಿಗೆ ಮದ್ದು ಹಾಕುತ್ತಿದ್ದ ನರ್ಸು. ಹೆಂಗಸರ ಸಹಾಯವಾಣಿ ನೂರ ಎಂಬತ್ತೊಂದಕ್ಕೆ ತಾನೇ ಫೋನು ಮಾಡಿ ಕೇಳಿ, ತೇನಿಯ ಕೋರ್ಟಿನಲ್ಲಿ ಕಾನೂನು ಸಹಾಯದ ಆಫೀಸಿದೆ, ಹೆಂಗಸರಿಗೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ ಎಂದಳು. ಪುಕ್ಕಟೆ ಎಂದ ಕೂಡಲೇ ಚಿನ್ನತಾಯಿಗೆ ಅನುಮಾನ ಬಂತು. ಒಡ್ಡನ್‌ಛತ್ರಂ ಮಂಡಿಯಲ್ಲಿ ಪುಕ್ಕಟೆ ಕೊಡುವ ಟೊಮೇಟೊ ಎಂಥದ್ದೆಂದು ಅವಳು ನೋಡಿದ್ದಾಳೆ. ಆದರೂ ಆರನೇ ದಿನ ನಾವು ಮೂವರೂ ತೇನಿ ಬಸ್ಸು ಹತ್ತಿದೆವು.

ಅಲ್ಲಿ ಸಿಕ್ಕ ವಕೀಲೆ ಜೆಯಂತಿಗೆ ಮೂವತ್ತೂ ಆಗಿರಲಿಕ್ಕಿಲ್ಲ. ಆಸ್ಪತ್ರೆಯ ಚೀಟಿಯನ್ನು ಎರಡು ಸಲ ಓದಿ, ಫಾರಂ ತೆಗೆದು ಬರೆಯತೊಡಗಿದಳು. ಹುಡುಗಿಯ ಕಡೆ ಜವಾಬ್ದಾರಿಯವರು ಯಾರು, ಯಾರಿಗೆ ಫೋನು ಮಾಡಬೇಕು ಎಂದು ತಮಿಳಿನಲ್ಲಿ ಕೇಳಿದಳು. ಚಿನ್ನತಾಯಿ ಥಟ್ಟನೆ, ಅವಳ ಮಾಮ ಧನಪಾಲ್ ಎಂದು ನಂಬರನ್ನೂ ಹೇಳಿದಳು. ಹದಿನಾರು ವರ್ಷದಿಂದ ಶಾಲೆಗೂ ರೇಷನ್ ಕಾರ್ಡಿಗೂ ಹಾಗೆಯೇ ಹೇಳಿಕೊಂಡು ಬಂದ ಬಾಯಿ ಅದು. ನಾನೂ ಸುಮ್ಮನೆ ತಲೆಯಾಡಿಸಿದೆ, ನನಗೆ ನಾಚಿಕೆಯಾಗಬೇಕು. ಹೊಡೆದವನ ಹೆಸರು ಕೇಳಿದಾಗಲೂ ಅದೇ ಹೆಸರು, ಅದೇ ನಂಬರು ಬಂತು. ಜೆಯಂತಿಯ ಪೆನ್ನು ನಿಂತಿತು.

ಚಿನ್ನತಾಯಿ ಸುಮ್ಮನಿದ್ದದ್ದನ್ನು ನಾನು ಅವತ್ತೇ ಮೊದಲು ಕಂಡದ್ದು. ಮಗಳು ನೆಲ ನೋಡುತ್ತಿದ್ದಳು.

"ಮೇಲಿಂದು ಅಡಿಚ್ಚಾಕಿ ವಕೀಲಮ್ಮಾ," ಎಂದಳು ಚಿನ್ನತಾಯಿ ಕೊನೆಗೆ, ಮೊದಲು ಬರೆದ ಹೆಸರಿನ ಮೇಲೆ ಬೆರಳಿಟ್ಟು, ತನ್ನ ಕನ್ನಡದಲ್ಲೇ. "ಅಲ್ಲಿ ನನ್ನ ಹೆಸ್ರು ಬರ್ಕೊಳ್ಳಿ."

ಜೆಯಂತಿಗೆ ಮಾತು ತಿಳಿಯದಿದ್ದರೂ ಬೆರಳು ತೋರಿಸಿದ್ದು ತಿಳಿಯಿತು. ಆ ಹೆಸರಿಗೆ ಅಡ್ಡಗೀಟು ಎಳೆದಳು.

ಎಂಟನೇ ದಿನ ಗುರುಸಾಮಿಯ ಕಡೆಯವರು ಹುಡುಗಿಯನ್ನು ಕರೆದೊಯ್ಯಲು ಬಂದಾಗ, ಕೇಸು ಕೋರ್ಟಿನಲ್ಲಿದೆ ಎಂದು ಚಿನ್ನತಾಯಿ ಇಡೀ ಬೀದಿಗೆ ಕೇಳುವಂತೆ ಹೇಳಿದಳು. ಅವರು ಕಾಫಿಯನ್ನೂ ಕುಡಿಯದೆ ಹೋದರು.

ವಿಚಾರಣೆಯ ದಿನ ಧನಪಾಲ ಇಸ್ತ್ರಿ ಅಂಗಿಯಲ್ಲಿ ಬಂದ. ತಾನು ಬರೀ ಗಂಡನಲ್ಲ, ಸೋದರಮಾವ, ಮಡಿಲಲ್ಲಿ ಕೂರಿಸಿಕೊಂಡು ಕಿವಿ ಚುಚ್ಚಿಸಿದವನು, ತನಗಿಂತ ಹೆಚ್ಚು ಅಕ್ಕರೆ ಯಾರಿಗಿದೆ ಎಂದು ನ್ಯಾಯಾಧೀಶರಿಗೆ ಹೇಳಿದ. ಚಿನ್ನತಾಯಿ ನ್ಯಾಯಾಧೀಶರನ್ನು ನೋಡಲಿಲ್ಲ, ತಮ್ಮನನ್ನು ನೋಡಿದಳು.

"ಅದೇ ಕಿವಿ ಕಣೋ ತಂಬಿ. ಅದ್ರಾಗೆ ಈಗ ನಾನ್ ಕೂಗಿದ್ರೂ ಕೇಳ್ಸಲ್ಲ."

ಜೆಯಂತಿ ಆಸ್ಪತ್ರೆಯ ಚೀಟಿಯನ್ನು ಮುಂದಿಟ್ಟಳು. ಧನಪಾಲ ಇಂದುಜಾಳ ಮೇಲೆ ಕೈ ಮಾಡಬಾರದು, ಅವಳಿರುವ ಮನೆಯ ಹತ್ತಿರ ಸುಳಿಯಬಾರದು ಎಂದು ಆದೇಶವಾಯಿತು.

ಆ ಆದೇಶವನ್ನು ಚಿನ್ನತಾಯಿ ಮಗಳಿಂದ ಮೂರು ಸಲ ಓದಿಸಿದಳು, ಎದುರು ಜಗಲಿಯಲ್ಲಿ ಗುರುಸಾಮಿ ಎಲೆಯಡಿಕೆ ಹಾಕುತ್ತಾ ಕೂತಿದ್ದಾಗ. ಕೂಲಿಯವರನ್ನು ಈಗಲೂ ಹಾಗೆಯೇ ಕೂಗುತ್ತಾಳೆ, ಬಸ್ಸು ಈಗಲೂ ನಿಧಾನವಾಗುತ್ತದೆ. ಮಗಳನ್ನು ಮಾತ್ರ ಕೂಗುವುದಿಲ್ಲ. ಚಪ್ಪರದಡಿ ಅಷ್ಟು ದೂರ ನಡೆದು ಹೋಗಿ, ಅವಳ ಬಲಗಡೆಗೆ ಸುತ್ತಿ ನಿಂತು, ಮೆಲ್ಲಗೆ ಊಟಕ್ಕೆ ಕರೆಯುತ್ತಾಳೆ.